ಮೇಜಿನ ಮೇಲೆ ಮರಳಿ ಬಂದ ರೈಲು: ನ್ಯಾರೋಗೇಜ್ ಮಾದರಿಗಳ ರಚನೆ ಮತ್ತು ಪ್ರದರ್ಶನ

ಇಂಗ್ಲೆಂಡಿನ ಡೆವನ್ ಪ್ರಾಂತದ ಬಾರ್ನ್‌ಸ್ಟೇಪಲ್ ಮತ್ತು ಲಿಂಟನ್ ಪಟ್ಟಣಗಳ ನಡುವೆ ಓಡುತ್ತಿದ್ದ ಪುಟ್ಟ ರೈಲು 1935ರ ಸೆಪ್ಟೆಂಬರ್ 29ರಂದು ಕೊನೆಯ ಬಾರಿಗೆ ಸಂಚರಿಸಿತು. ಬಳಿಕ ಹಳಿಗಳನ್ನು ಕಿತ್ತು, ಎಂಜಿನ್ ಹಾಗೂ ಬೋಗಿಗಳನ್ನು ಹರಾಜು ಹಾಕಲಾಯಿತು. ಐದು ಎಂಜಿನ್‌ಗಳ ಪೈಕಿ 'ಲ್ಯೂ' ಎಂಬುದು 1936ರಲ್ಲಿ ಹಡಗೇರಿ ಬ್ರೆಜಿಲ್ ದೇಶಕ್ಕೆ ಹೋಯಿತು. ಅಲ್ಲಿಂದ ಮುಂದೆ ಅದರ ಸುಳಿವಿಲ್ಲ. ಆದರೂ ಆ ರೈಲು ಇಂದಿಗೂ ಬ್ರಿಟನ್ನಿನ ಶಾಲಾ ಸಭಾಂಗಣಗಳಲ್ಲಿ, ಸಮುದಾಯ ಭವನಗಳಲ್ಲಿ, ಎದೆಯೆತ್ತರದ ಹಲಗೆಗಳ ಮೇಲೆ ಓಡುತ್ತಲೇ ಇದೆ. ಹವ್ಯಾಸಿಗಳು ಕಟ್ಟಿ ಪ್ರದರ್ಶಿಸುವ ಮಾದರಿ ರೈಲುಮಾರ್ಗಗಳಲ್ಲಿ ಹೆಚ್ಚಾಗಿ ಕಾಣಸಿಗುವ ನ್ಯಾರೋಗೇಜ್ ಮಾರ್ಗಗಳಲ್ಲಿ ಲಿಂಟನ್ ಮಾರ್ಗವೂ ಒಂದು.

ಮೇಲ್ನೋಟಕ್ಕೆ ಮಕ್ಕಳ ಆಟಿಕೆಯಂತೆ ತೋರುವ ಈ ಹವ್ಯಾಸದಲ್ಲಿ ಮರಗೆಲಸ, ವಿದ್ಯುತ್ ಜೋಡಣೆ, ಲೋಹದ ಕೆಲಸ, ಚಿತ್ರಕಲೆ ಮತ್ತು ಇತಿಹಾಸ ಸಂಶೋಧನೆಗಳು ಒಂದೆಡೆ ಸೇರುತ್ತವೆ. ಮಾಯವಾದ ಮಾರ್ಗವೊಂದರ ನಿಜವಾದ ಪ್ರಮಾಣವನ್ನು ಕಣ್ಣೆದುರು ನಿಲ್ಲಿಸುವ ದಾಖಲೆಯಾಗಿಯೂ ಇದು ಮುಖ್ಯವೆನಿಸಿದೆ.

ಗೇಜ್ ಮತ್ತು ಅನುಪಾತ

ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಂತರವೇ ಗೇಜ್. ಬ್ರಿಟನ್ನಿನಲ್ಲಿ 1,435 ಮಿಲಿಮೀಟರ್ ಅಂತರದ್ದು ಸ್ಟ್ಯಾಂಡರ್ಡ್ ಗೇಜ್. ಅದಕ್ಕಿಂತ ಕಿರಿದಾದುದೆಲ್ಲ ನ್ಯಾರೋಗೇಜ್. ಭಾರತದಲ್ಲಿ ಬ್ರಾಡ್‌ಗೇಜ್ 1,676 ಮಿ.ಮೀ., ಮೀಟರ್‌ಗೇಜ್ 1,000 ಮಿ.ಮೀ. ಇದ್ದು, 762 ಮತ್ತು 610 ಮಿ.ಮೀ. ಮಾರ್ಗಗಳನ್ನು ಮಾತ್ರ ನ್ಯಾರೋಗೇಜ್ ಎನ್ನುವುದು ರೂಢಿ. ಕಾಲ್ಕಾ–ಶಿಮ್ಲಾ ಮಾರ್ಗ 762 ಮಿ.ಮೀ., ಡಾರ್ಜಿಲಿಂಗ್ ಮಾರ್ಗ 610 ಮಿ.ಮೀ. ಅಗಲದ್ದು. ಕನ್ನಡಿಗರಿಗೆ ಚಿರಪರಿಚಿತವಾದ ಊಟಿಯ ರೈಲು ಗಾತ್ರದಲ್ಲಿ ಚಿಕ್ಕದಾಗಿ ಕಂಡರೂ ಮೀಟರ್‌ಗೇಜ್ ಮಾರ್ಗವೆಂಬುದು ಗಮನಾರ್ಹ.

ಮಾದರಿ ನಿರ್ಮಾಣದಲ್ಲಿ ಗೇಜ್ ಜೊತೆಗೆ ಅನುಪಾತವೂ ಸೇರಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ ಜನಪ್ರಿಯವಾದ 'ಓಓ' ಅನುಪಾತದಲ್ಲಿ ಒಂದು ಅಡಿಯನ್ನು 4 ಮಿ.ಮೀ.ಗೆ ಇಳಿಸಲಾಗುತ್ತದೆ, ಅಂದರೆ ಮೂಲ ವಸ್ತುವಿನ 76.2ನೇ ಒಂದು ಭಾಗ. ಇದೇ ಅನುಪಾತದ ಎಂಜಿನ್, ಬೋಗಿಗಳನ್ನು 9 ಮಿ.ಮೀ. ಹಳಿಯ ಮೇಲೆ ಓಡಿಸುವ ಪದ್ಧತಿಗೆ 'ಓಓ9' ಎಂದು ಹೆಸರು. 9 ಮಿ.ಮೀ. ಅನ್ನು 76.2ರಿಂದ ಗುಣಿಸಿದರೆ 686 ಮಿ.ಮೀ. ಬರುತ್ತದೆ. ಇದು ವೇಲ್ಸ್‌ನ ಟ್ಯಾಲಿಲ್ಲಿನ್ ರೈಲಿನ ಗೇಜ್‌ಗೆ ಸರಿಯಾಗಿ ಹೊಂದುತ್ತದೆ. 597 ಮಿ.ಮೀ. ಗೇಜ್ ಹೊಂದಿದ್ದ ಲಿಂಟನ್ ಮಾರ್ಗಕ್ಕಾದರೆ ಹಳಿ ತುಸು ಅಗಲವಾಗುತ್ತದೆ. ಬಹುತೇಕ ಹವ್ಯಾಸಿಗಳು ಈ ವ್ಯತ್ಯಾಸವನ್ನು ಒಪ್ಪಿಕೊಂಡೇ ಮುಂದುವರಿಯುತ್ತಾರೆ.

ಯುರೋಪಿನಲ್ಲಿ ಬಳಕೆಯಲ್ಲಿರುವ 1:87 ಅನುಪಾತದ 'ಎಚ್ಓಇ' ಪದ್ಧತಿಯಲ್ಲಿ ಅದೇ 9 ಮಿ.ಮೀ. ಹಳಿ 783 ಮಿ.ಮೀ.ಗೆ ಸಮನಾಗುತ್ತದೆ. ಭಾರತದ 762 ಮಿ.ಮೀ. ಮಾರ್ಗಗಳಿಗೆ ಇದು ಬಹಳ ಹತ್ತಿರದ ಅಳತೆ. ಅಮೆರಿಕದಲ್ಲಿ ಪ್ರಚಲಿತವಿರುವ 1:48 ಅನುಪಾತದ 'ಓಎನ್30' ಪದ್ಧತಿಯಲ್ಲಿ 16.5 ಮಿ.ಮೀ. ಹಳಿ 792 ಮಿ.ಮೀ.ಗೆ ಸಮ. ಮಾದರಿಗಳು ದೊಡ್ಡದಾಗಿ ಬೇಕೆನ್ನುವವರು ಇದನ್ನು ಆರಿಸಿಕೊಳ್ಳುತ್ತಾರೆ.

ಹವ್ಯಾಸ ಬೆಳೆದ ಬಗೆ

ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಿವಾಸಿ ಪಿ.ಡಿ. ಹ್ಯಾನ್‌ಕಾಕ್ ಅವರು ಕಟ್ಟಿದ 'ಕ್ರೇಗ್ ಅಂಡ್ ಮರ್ಟನ್‌ಫೋರ್ಡ್' ಎಂಬ ಕಾಲ್ಪನಿಕ ಮಾರ್ಗ ಈ ಕ್ಷೇತ್ರದ ಆದ್ಯ ಮಾದರಿಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಅದೇ ಕಾಲಕ್ಕೆ ನಿಜವಾದ ನ್ಯಾರೋಗೇಜ್ ಮಾರ್ಗಗಳ ಬಗೆಗೂ ಆಸಕ್ತಿ ಕುದುರಿತು. 1951ರಲ್ಲಿ ಟ್ಯಾಲಿಲ್ಲಿನ್ ಮಾರ್ಗವನ್ನು ಸ್ವಯಂಸೇವಕರು ವಹಿಸಿಕೊಂಡು ನಡೆಸತೊಡಗಿದರು. ರೈಲುಮಾರ್ಗವೊಂದನ್ನು ಸ್ವಯಂಸೇವಕರು ಹೀಗೆ ಉಳಿಸಿಕೊಂಡದ್ದು ಜಗತ್ತಿನಲ್ಲೇ ಮೊದಲು.

1960ರ ದಶಕದಲ್ಲಿ 9 ಮಿ.ಮೀ. ಹಳಿಯ 'ಎನ್' ಗೇಜ್ ಮಾದರಿಗಳು ಮಾರುಕಟ್ಟೆಗೆ ಬಂದುದು ಮಹತ್ವದ ತಿರುವು. ಈ ಸಣ್ಣ ಎಂಜಿನ್‌ಗಳ ಮೋಟಾರು ಮತ್ತು ಚಕ್ರಗಳನ್ನು ಇಟ್ಟುಕೊಂಡು, ಮೇಲ್ಭಾಗವನ್ನು ದೊಡ್ಡ ಅನುಪಾತದಲ್ಲಿ ತಗಡು ಅಥವಾ ಪ್ಲಾಸ್ಟಿಕ್ಕಿನಿಂದ ಹೊಸದಾಗಿ ಕಟ್ಟುವ ಉಪಾಯವನ್ನು ಹವ್ಯಾಸಿಗಳು ಕಂಡುಕೊಂಡರು. ಜರ್ಮನಿಯ ಎಗ್ಗರ್-ಬಾನ್ ಸಂಸ್ಥೆ 1963ರಲ್ಲಿ ಇದೇ ಹಳಿಯ ಮೇಲೆ ಓಡುವ ನ್ಯಾರೋಗೇಜ್ ಮಾದರಿಗಳನ್ನು ಹೊರತಂದಿತು. ಬ್ರಿಟನ್ನಿನಲ್ಲಿ 1973ರಲ್ಲಿ '009 ಸೊಸೈಟಿ' ಸ್ಥಾಪನೆಯಾಯಿತು. ದಶಕಗಳ ಕಾಲ ಕೈಯಿಂದ ಕಟ್ಟುವುದೇ ಇಲ್ಲಿನ ನಿಯಮವಾಗಿತ್ತು. 2010ರ ದಶಕದ ಉತ್ತರಾರ್ಧದಲ್ಲಿ ಬಾಕ್‌ಮನ್, ಹೆಲ್ಯಾನ್ ಮುಂತಾದ ಕಂಪನಿಗಳು ಓಡಿಸಲು ಸಿದ್ಧವಾದ ಎಂಜಿನ್‌ಗಳನ್ನೇ ಮಾರತೊಡಗಿದ ಮೇಲೆ ಹೊಸಬರ ಪ್ರವೇಶ ಸುಲಭವಾಯಿತು.

ಏನನ್ನು ಬಿಡಬೇಕು?

ಮಾದರಿ ಕಟ್ಟುವವನ ಮೊದಲ ಸವಾಲು ಸ್ಥಳಾಭಾವ. ಲಿಂಟನ್ ಮಾರ್ಗದ ಉದ್ದ ಸುಮಾರು 31 ಕಿಲೋಮೀಟರ್. ಅದನ್ನು ಓಓ9 ಪದ್ಧತಿಯಲ್ಲಿ ಪೂರ್ತಿಯಾಗಿ ಕಟ್ಟಲು 400 ಮೀಟರ್‌ಗೂ ಹೆಚ್ಚು ಉದ್ದದ ಜಾಗ ಬೇಕು. ಆದ್ದರಿಂದ ಒಂದು ನಿಲ್ದಾಣ, ಒಂದು ಸೇತುವೆ, ಹೆಚ್ಚೆಂದರೆ ಒಂದು ತಿರುವು, ಇಷ್ಟನ್ನೇ ಆರಿಸಿ ಉಳಿದುದನ್ನು ಬಿಡಬೇಕಾಗುತ್ತದೆ.

ಇಲ್ಲಿ ನ್ಯಾರೋಗೇಜ್ ಮಾರ್ಗಗಳಿಗೆ ಸಹಜವಾದ ಅನುಕೂಲವೊಂದಿದೆ. ಭಾರತದ ಬ್ರಾಡ್‌ಗೇಜ್‌ನಲ್ಲಿ ಅನುಮತಿಸಲಾದ ಅತ್ಯಂತ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. 1:76.2 ಅನುಪಾತದಲ್ಲಿ ಇದು 2.3 ಮೀಟರ್ ಆಗುತ್ತದೆ. ಪೂರ್ತಿ ತಿರುಗಿ ಬರಲು ನಾಲ್ಕೂವರೆ ಮೀಟರ್ ಅಗಲದ ಕೋಣೆಯೇ ಬೇಕು. ಆದರೆ ಡಾರ್ಜಿಲಿಂಗ್ ಮಾರ್ಗದ 'ಆಗನಿ ಪಾಯಿಂಟ್' ಎಂಬ ಸುಪ್ರಸಿದ್ಧ ತಿರುವಿನ ತ್ರಿಜ್ಯ ಸುಮಾರು 18 ಮೀಟರ್ ಮಾತ್ರ. ಅದೇ ಅನುಪಾತದಲ್ಲಿ ಅದು 24 ಸೆಂಟಿಮೀಟರ್‌ಗಿಂತಲೂ ಕಡಿಮೆ. ದೊಡ್ಡ ರೈಲಿನ ಮಾದರಿಯಲ್ಲಿ ತಿರುವುಗಳನ್ನು ಕೃತಕವಾಗಿ ಕುಗ್ಗಿಸುವುದು ಅನಿವಾರ್ಯವಾದರೆ, ನ್ಯಾರೋಗೇಜ್‌ನಲ್ಲಿ ಇದ್ದುದನ್ನು ಇದ್ದಂತೆಯೇ ಕಟ್ಟಲು ಸಾಧ್ಯ. ಪುಟ್ಟ ಎಂಜಿನ್, ಎರಡು ಮೂರು ಬೋಗಿ, ಚಿಕ್ಕ ನಿಲ್ದಾಣ ಇವೆಲ್ಲ ಒಂದೂವರೆ ಮೀಟರ್ ಹಲಗೆಯ ಮೇಲೆ ಇಕ್ಕಟ್ಟಿಲ್ಲದೆ ಕುಳಿತುಕೊಳ್ಳುತ್ತವೆ.

ಹಲಗೆಯಿಂದ ಹಸಿರಿನವರೆಗೆ

ಪ್ರದರ್ಶನಕ್ಕೆ ಒಯ್ಯಬೇಕಾದ ಮಾದರಿಯನ್ನು ಬಿಡಿ ಹಲಗೆಗಳಾಗಿ ಕಟ್ಟಲಾಗುತ್ತದೆ. 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಹಲಗೆ ಸಾಮಾನ್ಯ. ಇಬ್ಬರು ಹೊತ್ತು ಬಾಗಿಲು ದಾಟಿಸಿ ವಾಹನಕ್ಕೆ ಏರಿಸುವಷ್ಟು ಗಾತ್ರ ಇದು. ಪ್ಲೈವುಡ್ ಚೌಕಟ್ಟು ಹಗುರವೂ ಗಟ್ಟಿಯೂ ಆಗಿರುತ್ತದೆ. ಎರಡು ಹಲಗೆಗಳು ಸೇರುವಲ್ಲಿ ಹಳಿಗಳು ಅರ್ಧ ಮಿಲಿಮೀಟರ್ ಸರಿದರೂ ಗಾಡಿ ಹಳಿ ತಪ್ಪಬಹುದು. ಆದಕಾರಣ ಒಂದು ಹಲಗೆಯ ಲೋಹದ ಗೂಟ ಇನ್ನೊಂದರ ಲೋಹದ ಕುಳಿಯೊಳಗೆ ನಿಖರವಾಗಿ ಕೂರುವಂತೆ ಅಳವಡಿಸಿ, ಬೋಲ್ಟ್‌ನಿಂದ ಬಿಗಿಯುತ್ತಾರೆ.

ಹಳಿ ಹಾಸಿದ ಮೇಲೆ ವಿದ್ಯುತ್ ಜೋಡಣೆ. ಸಾಂಪ್ರದಾಯಿಕ ಪದ್ಧತಿಯಲ್ಲಿ 12 ವೋಲ್ಟ್‌ವರೆಗಿನ ನೇರ ವಿದ್ಯುತ್ ಹಳಿಗಳ ಮೂಲಕವೇ ಎಂಜಿನ್ ತಲುಪುತ್ತದೆ. ವೋಲ್ಟೇಜ್ ಏರಿಸಿದಂತೆ ವೇಗ ಹೆಚ್ಚುತ್ತದೆ. ಡಿಜಿಟಲ್ ಪದ್ಧತಿಯಲ್ಲಾದರೆ ಹಳಿಯಲ್ಲಿ ಸದಾ ವಿದ್ಯುತ್ ಇರುತ್ತದೆ, ಪ್ರತಿ ಎಂಜಿನ್ನಿನಲ್ಲಿರುವ ಪುಟ್ಟ ಡಿಕೋಡರ್ ತನಗೆ ಬಂದ ಆದೇಶವನ್ನಷ್ಟೇ ಪಾಲಿಸುತ್ತದೆ. ನ್ಯಾರೋಗೇಜ್ ಎಂಜಿನ್‌ಗಳು ಹಗುರ, ಚಕ್ರಗಳ ನಡುವಿನ ಅಂತರವೂ ಕಡಿಮೆ. ಹೀಗಾಗಿ ಹಳಿ ಕವಲೊಡೆಯುವ ಪಾಯಿಂಟ್‌ಗಳಲ್ಲಿ ವಿದ್ಯುತ್ ತಲುಪದ ಪ್ಲಾಸ್ಟಿಕ್ ತುಣುಕು ಇದ್ದರೆ ಎಂಜಿನ್ ಅಲ್ಲಿಯೇ ನಿಂತುಬಿಡುತ್ತದೆ. ಅನುಭವಿಗಳು ಆ ಭಾಗಕ್ಕೂ ವಿದ್ಯುತ್ ಹರಿಯುವ ಪಾಯಿಂಟ್‌ಗಳನ್ನೇ ಬಳಸುತ್ತಾರೆ. ಹಳಿಯ ಪ್ರತಿ ತುಂಡಿಗೂ ಪ್ರತ್ಯೇಕ ತಂತಿ ಬೆಸೆಯುತ್ತಾರೆ. ಕೇವಲ ಹಳಿಗಳ ಜೋಡಣೆಯನ್ನು ನಂಬುವುದಿಲ್ಲ.

ಇಷ್ಟು ಕೆಲಸ ಮುಗಿದು ಗಾಡಿಗಳು ತಡೆಯಿಲ್ಲದೆ ಓಡುವುದು ಖಚಿತವಾದ ಮೇಲಷ್ಟೇ ಭೂದೃಶ್ಯದ ನಿರ್ಮಾಣ. ಥರ್ಮೋಕೋಲ್ ಅಥವಾ ಗಟ್ಟಿ ಫೋಮ್ ಕೊರೆದು ಗುಡ್ಡ ಮಾಡಿ, ಪ್ಲಾಸ್ಟರ್ ಲೇಪಿಸಿ, ಬಣ್ಣ ಬಳಿಯುತ್ತಾರೆ. ಹುಲ್ಲಿಗೆ ನೈಲಾನ್ ಎಳೆಗಳನ್ನು ಬಳಸುವುದುಂಟು. ಸ್ಥಿರ ವಿದ್ಯುತ್ತಿನ ಪ್ರಭಾವದಿಂದ ಈ ಎಳೆಗಳು ಅಂಟಿನ ಮೇಲೆ ನೆಟ್ಟಗೆ ನಿಲ್ಲುತ್ತವೆ. ಲಿಂಟನ್ ಮಾರ್ಗದ ಹೆಗ್ಗುರುತಾದ ಎಂಟು ಕಮಾನುಗಳ ಚೆಲ್ಫಮ್ ಸೇತುವೆ ಸುಮಾರು 21 ಮೀಟರ್ ಎತ್ತರದ್ದು; ಮಾದರಿಯಲ್ಲಿ ಅದು 28 ಸೆಂಟಿಮೀಟರ್ ಆಗುತ್ತದೆ. ಅಂತಹ ಸೇತುವೆ ಕಟ್ಟುವವರು ಕಲ್ಲಿನ ಸಾಲುಗಳನ್ನು ಒಂದೊಂದಾಗಿ ಗೀರಿ ಮೂಡಿಸಿ, ಹಳೆಯ ಛಾಯಾಚಿತ್ರಗಳೊಂದಿಗೆ ಹೋಲಿಸಿ ನೋಡುತ್ತಾರೆ.

ಪ್ರದರ್ಶನದ ಪರೀಕ್ಷೆ

ಮನೆಯಲ್ಲಿ ಸರಾಗವಾಗಿ ಓಡಿದ ಮಾದರಿ ಸಭಾಂಗಣದಲ್ಲಿ ಕೈಕೊಡುವುದು ಅಪರೂಪವಲ್ಲ. ಪ್ರಯಾಣದ ಕುಲುಕಾಟಕ್ಕೆ ಬೆಸುಗೆ ಬಿಡುತ್ತದೆ, ತೇವಾಂಶ ಬದಲಾದಂತೆ ಮರ ಹಿಗ್ಗಿ ಕುಗ್ಗುತ್ತದೆ, ಧೂಳು ಕುಳಿತು ವಿದ್ಯುತ್ ಸಂಪರ್ಕ ತಪ್ಪುತ್ತದೆ. ಈ ಕಾರಣಕ್ಕೆ ಬಿಡಿ ಎಂಜಿನ್, ಬೆಸುಗೆ ಸಲಕರಣೆ, ಹಳಿ ಒರೆಸುವ ಸಾಮಗ್ರಿಗಳನ್ನು ಜೊತೆಗೆ ಒಯ್ಯುವುದು ವಾಡಿಕೆ. ದಿನವಿಡೀ ನಡೆಯುವ ಪ್ರದರ್ಶನಕ್ಕೆ ಸರದಿಯ ಮೇಲೆ ಓಡಿಸಲು ಮೂವರು ನಾಲ್ವರಾದರೂ ಬೇಕು. ಬ್ರಿಟನ್ನಿನಲ್ಲಿ ವಿದ್ಯುತ್ ಉಪಕರಣಗಳ ಸುರಕ್ಷತಾ ತಪಾಸಣೆ ಮತ್ತು ಸಾರ್ವಜನಿಕ ಹೊಣೆಗಾರಿಕೆಯ ವಿಮೆಗಳನ್ನೂ ಆಯೋಜಕರು ಕೇಳುವುದುಂಟು.

ಪ್ರೇಕ್ಷಕರಿಗೆ ಕಾಣುವುದು ಇಡೀ ಮಾದರಿಯ ಒಂದು ಭಾಗ ಮಾತ್ರ. ದೃಶ್ಯದ ಅಂಚಿನಲ್ಲಿ ರೈಲು ಸುರಂಗವನ್ನೋ ಮರಗಳ ಗುಂಪನ್ನೋ ದಾಟಿ ಹಿಂಬದಿಯ ಗುಪ್ತ ಯಾರ್ಡ್ ಸೇರುತ್ತದೆ. ಅಲ್ಲಿ ನಿರ್ವಾಹಕರು ಗಾಡಿಗಳನ್ನು ತಿರುಗಿಸಿ, ಬೋಗಿ ಬದಲಿಸಿ, ಮತ್ತೆ ರಂಗಕ್ಕೆ ಕಳುಹಿಸುತ್ತಾರೆ. ಯಕ್ಷಗಾನದ ಚೌಕಿಗೂ ಈ ಯಾರ್ಡ್‌ಗೂ ಹೋಲಿಕೆಯಿದೆ: ವೇಷ ಸಿದ್ಧವಾಗುವುದು ಅಲ್ಲಿ, ಪ್ರವೇಶ ಮಾತ್ರ ಇಲ್ಲಿ.

ಆರಂಭಿಕರು ಎಡವುವುದು ವೇಗದಲ್ಲಿ. ಗಂಟೆಗೆ 24 ಕಿಲೋಮೀಟರ್ ವೇಗದ ರೈಲು 1:76.2 ಅನುಪಾತದಲ್ಲಿ ಸೆಕೆಂಡಿಗೆ ಸುಮಾರು 9 ಸೆಂಟಿಮೀಟರ್ ಮಾತ್ರ ಚಲಿಸಬೇಕು. 120 ಸೆಂಟಿಮೀಟರ್ ಹಲಗೆ ದಾಟಲು ಹದಿನಾಲ್ಕು ಸೆಕೆಂಡು ಬೇಕು. ಈ ನಿಧಾನಗತಿಯನ್ನು ಪಾಲಿಸಿದಾಗಲೇ ಆಟಿಕೆಯ ಭಾವ ಅಳಿದು ರೈಲಿನ ಗಾಂಭೀರ್ಯ ಮೂಡುತ್ತದೆ. ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ನ್ಯಾರೋಗೇಜ್ ಮಾದರಿಗಳಿಗೆಂದೇ ನಡೆದುಬಂದಿರುವ 'ಎಕ್ಸ್‌ಪೋ ಎನ್‌ಜಿ' ಪ್ರದರ್ಶನ ಈ ವಲಯದಲ್ಲಿ ಹೆಸರುವಾಸಿ.

ದಾಖಲೆಯಾಗಿ ಮಾದರಿ

ಆಕ್ಸ್‌ಫರ್ಡ್‌ಶೈರ್‌ನ ಲಾಂಗ್ ವಿಟನ್‌ಹ್ಯಾಮ್ ಗ್ರಾಮದಲ್ಲಿರುವ ಪೆಂಡನ್ ವಸ್ತುಸಂಗ್ರಹಾಲಯ ಮಾದರಿಗಳ ಚಾರಿತ್ರಿಕ ಮಹತ್ವವನ್ನು ಎತ್ತಿ ತೋರುತ್ತದೆ. 1954ರಲ್ಲಿ ಇದನ್ನು ಸ್ಥಾಪಿಸಿದ ರಾಯ್ ಇಂಗ್ಲೆಂಡ್ ಅವರು ಹಳ್ಳಿಗಳ ಹಳೆಯ ಮನೆಗಳು ಕಣ್ಣೆದುರೇ ಬದಲಾಗುತ್ತಿರುವುದನ್ನು ಕಂಡು, ಅವು ಪೂರ್ತಿ ಮರೆಯಾಗುವ ಮುನ್ನ ಅಳತೆಗೆ ತಕ್ಕ ಮಾದರಿಗಳಲ್ಲಿ ಉಳಿಸಲು ಹೊರಟರು. ಲಿಂಟನ್ ಮಾರ್ಗದ ಕಥೆಯೂ ಭಿನ್ನವಲ್ಲ. ಅಭಿಮಾನಿಗಳ ಆಸಕ್ತಿ ಮಾದರಿಗಳಲ್ಲಿ, ಛಾಯಾಚಿತ್ರಗಳಲ್ಲಿ, ನಕ್ಷೆಗಳಲ್ಲಿ ಬದುಕಿತ್ತು. 2004ರಲ್ಲಿ ವುಡಿ ಬೇ ನಿಲ್ದಾಣದಿಂದ ಆ ಮಾರ್ಗದ ಒಂದು ತುಣುಕಿನ ಮೇಲೆ ನಿಜವಾದ ರೈಲು ಮತ್ತೆ ಓಡಿತು.

ಈ ಮಾತು ಕರ್ನಾಟಕಕ್ಕೂ ಅನ್ವಯಿಸುತ್ತದೆ. ಬಂಗಾರಪೇಟೆ, ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರ, ದೇವನಹಳ್ಳಿ, ಯಲಹಂಕಗಳನ್ನು ಬೆಸೆದಿದ್ದ 762 ಮಿ.ಮೀ. ಮಾರ್ಗ ಮೈಸೂರು ಸಂಸ್ಥಾನದ ಕಾಲದಲ್ಲಿ, 1910ರ ದಶಕದಲ್ಲಿ ರೂಪುಗೊಂಡಿತು. ಹಂತಹಂತವಾಗಿ ಅದು ಬ್ರಾಡ್‌ಗೇಜ್ ಆಯಿತು; ಚಿಕ್ಕಬಳ್ಳಾಪುರ–ಕೋಲಾರ ನಡುವೆ ಬ್ರಾಡ್‌ಗೇಜ್ ಸಂಚಾರ ಆರಂಭವಾದದ್ದು 2013ರಲ್ಲಿ. ಸೌಲಭ್ಯದ ದೃಷ್ಟಿಯಿಂದ ಈ ಬದಲಾವಣೆ ಅಗತ್ಯವೇ ಆಗಿತ್ತು. ಆದರೆ ಬಯಲುಸೀಮೆಯ ಹುಣಸೆ ಮರಗಳ ನಡುವೆ, ಬಂಡೆಗುಡ್ಡಗಳ ಪಕ್ಕದಲ್ಲಿ ಸಾಗುತ್ತಿದ್ದ ಆ ಪುಟ್ಟ ರೈಲಿನ ಗಾತ್ರವೆಷ್ಟು, ಅದರ ನಿಲ್ದಾಣ ಎಷ್ಟು ಚಿಕ್ಕದಿತ್ತು ಎಂಬುದು ಮುಂದಿನ ಪೀಳಿಗೆಗೆ ಮಾತಿನಲ್ಲಿ ತಿಳಿಯುವಂಥದ್ದಲ್ಲ.

ನಂದಿ ಹಾಲ್ಟ್, ದೊಡ್ಡಜಾಲ, ಆವತಿಹಳ್ಳಿಗಳಲ್ಲಿ ಹಳೆಯ ನಿಲ್ದಾಣ ಕಟ್ಟಡಗಳು ಉಳಿದಿವೆ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನ್, ಬೋಗಿಗಳನ್ನು ಹತ್ತಿರದಿಂದ ನೋಡಬಹುದು. ಆ ರೈಲಿನಲ್ಲಿ ಶಾಲೆಗೆ, ಸಂತೆಗೆ ಹೋಗಿಬಂದ ಹಿರಿಯರು ಇನ್ನೂ ನಮ್ಮೊಡನಿದ್ದಾರೆ. ಗೋಡೆಯ ಎತ್ತರ, ಹೆಂಚಿನ ಸಾಲು, ಪ್ಲಾಟ್‌ಫಾರಂ ಉದ್ದಗಳನ್ನು ಅಳೆದು ಬರೆದಿಟ್ಟುಕೊಳ್ಳಲು ಬೇಕಾದುದು ಒಂದು ಟೇಪು, ಒಂದು ಕ್ಯಾಮೆರಾ ಮತ್ತು ಒಂದು ಭಾನುವಾರ. ಒಂದೂವರೆ ಮೀಟರ್ ಹಲಗೆಯ ಮೇಲೆ ನಂದಿ ಬೆಟ್ಟದ ತಪ್ಪಲಿನ ನಿಲ್ದಾಣವೊಂದು ಎದ್ದು ನಿಲ್ಲಲು ಅಷ್ಟು ಸಾಕು. ಲಿಂಟನ್ ಮಾರ್ಗವನ್ನು ಮರೆಯದೆ ಉಳಿಸಿಕೊಂಡವರು ಮೊದಲು ಮಾಡಿದ್ದೂ ಇಂತಹ ಕೆಲಸವನ್ನೇ.