ಅಂಬಲಿಯುಂಡ ದೇವರು

ದೇವರಿಗಾಗಿ ಮಾನವನು ಹಂಬಲಿಸಿದ ಕಥೆಗಳು ಎಲ್ಲ ಮತಗಳಲ್ಲಿಯೂ ಉಂಟು. ಮಾನವನಿಗಾಗಿ ದೇವರೇ ಹಂಬಲಿಸಿದನೆಂಬ ಮಾತು ಮಾತ್ರ ಬುದ್ಧಿಗೆ ಸುಲಭವಾಗಿ ಒಗ್ಗುವುದಿಲ್ಲ. ಪರಿಪೂರ್ಣನಾದವನಿಗೆ ಕೊರತೆಯೆಲ್ಲಿಯದು? ಕೊರತೆಯಿಲ್ಲದವನಿಗೆ ಹಂಬಲವೆಲ್ಲಿಯದು? ಈ ಪ್ರಶ್ನೆಯನ್ನು ನಮ್ಮ ಮುಂದೆ ತಂದು ನಿಲ್ಲಿಸುವ ಕಥೆಗಳಲ್ಲಿ ಮಾದಾರ ಚೆನ್ನಯ್ಯನದು ಮುಖ್ಯವಾದುದು.

ಕರಿಕಾಲ ಚೋಳನು ದಿನವೂ ಮೃಷ್ಟಾನ್ನವನ್ನು ಶಿವನಿಗೆ ಅರ್ಪಿಸುವನು. ಶಿವನು ಅದನ್ನು ಸ್ವೀಕರಿಸುವನು. ಅದೇ ಅರಸನ ಕುದುರೆಗಳಿಗೆ ಹುಲ್ಲು ತರುವ ಕಾಯಕ ಚೆನ್ನಯ್ಯನದು. ಆತನು ಗುಪ್ತಭಕ್ತ, ತನ್ನ ಪೂಜೆಯನ್ನು ಯಾರಿಗೂ ತೋರದವನು. ಒಂದು ದಿನ ಶಿವನು ಆತನ ಅಂಬಲಿಯನ್ನುಂಡು ತಣಿದನು; ಅರಮನೆಯ ಎಡೆ ಹಾಗೆಯೇ ಉಳಿಯಿತು. ತನ್ನಲ್ಲಿ ಏನು ತಪ್ಪಾಯಿತೆಂದು ತಿಳಿಯದೆ ಅರಸನು ಪ್ರಾಣವನ್ನೇ ಬಿಡಲು ಮುಂದಾದಾಗ ಶಿವನು ನಡೆದುದನ್ನು ತಿಳಿಸಿದನು. ಅರಸನು ಚೆನ್ನಯ್ಯನನ್ನು ಹುಡುಕಿಹೋಗಿ ಆತನ ಪಾದಕ್ಕೆರಗಿದನು.

ಇದನ್ನು ಹಂಪೆಯ ಹರಿಹರನು ರಗಳೆಯಾಗಿ ಹಾಡಿದ್ದಾನೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ ಈ ಕಥೆಯುಂಟು. ಆ ಪುರಾಣವನ್ನು ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದನು. ತಮಿಳಿನ ಸಂಗಂ ಸಾಹಿತ್ಯವು ಬಲ್ಲ ಕರಿಕಾಲನು ಕ್ರಿಸ್ತಶಕದ ಮೊದಲ ಶತಮಾನಗಳವನು. ಹರಿಹರನಿಗೂ ಆತನಿಗೂ ನಡುವೆ ಸುಮಾರು ಸಾವಿರ ವರ್ಷಗಳ ಅಂತರವಿದೆ. ಆದುದರಿಂದ ಇದನ್ನು ಚೋಳರ ಆಸ್ಥಾನದ ಇತಿಹಾಸವೆಂದು ಓದಲಾಗದು. ಆದರೆ 12-13ನೆಯ ಶತಮಾನಗಳ ಶಿವಭಕ್ತರು ತಮ್ಮ ದೇವರನ್ನು ಹೇಗೆ ಕಂಡರೆಂಬುದಕ್ಕೆ ಇದು ನಿಜವಾದ ಸಾಕ್ಷಿ. ಅವರ ದೇವರು ಅರಸನ ಎಡೆಯನ್ನು ಮರೆಯಬಲ್ಲವನು, ಕೇರಿಯ ಅಂಬಲಿಯನ್ನು ಬಯಸಬಲ್ಲವನು.

ಹಾಗಾದರೆ ಆತನ ಪೂರ್ಣತೆಗೆ ಕುಂದು ಬಂದಿತೇ? 15ನೆಯ ಶತಮಾನದ ಮಗ್ಗೆಯ ಮಾಯಿದೇವನ ಅನುಭವಸೂತ್ರದಲ್ಲಿ ಇದಕ್ಕೆ ಸಮಾಧಾನ ದೊರೆಯುತ್ತದೆ. ಒಂದೇ ಸ್ಥಲವು ತನ್ನ ಶಕ್ತಿಯ ಚಲನೆಯಿಂದಲೇ ಲಿಂಗವೆಂದೂ ಅಂಗವೆಂದೂ ಎರಡಾಗುತ್ತದೆ. ಆ ಶಕ್ತಿಯೂ ಎರಡಾಗಿ, ಲಿಂಗದಲ್ಲಿ ಕಲೆಯಾಗಿಯೂ ಅಂಗದಲ್ಲಿ ಭಕ್ತಿಯಾಗಿಯೂ ನಿಲ್ಲುತ್ತದೆ. ಲಿಂಗವು ಉಪಾಸ್ಯ, ಅಂಗವು ಉಪಾಸಕ. ಭಕ್ತನ ಒಳಗಿನ ಭಕ್ತಿಯು ದೇವರದೇ ಶಕ್ತಿಯೆಂದ ಮೇಲೆ ಹಂಬಲವು ಮೊದಲು ಹುಟ್ಟಿದುದು ಎಲ್ಲಿ ಎಂಬುದು ಸ್ಪಷ್ಟವಾಗುತ್ತದೆ. ದೇವರ ಹಸಿವು ಇಲ್ಲದವನ ಹಸಿವಲ್ಲ. ಸಂಬಂಧಕ್ಕಾಗಿ ತಾನೇ ತಂದುಕೊಂಡ ಹಸಿವು.

ಕಲ್ಯಾಣದ ಬಸವಣ್ಣನವರು ಈ ತತ್ತ್ವವನ್ನು ಬಾಳಿಗಿಳಿಸಿದರು. ಬಿಜ್ಜಳನ ಭಂಡಾರಿಯಾಗಿದ್ದ ಅವರು ಚೆನ್ನಯ್ಯನನ್ನು ತಮ್ಮ ತಂದೆಯೆಂದು ವಚನಗಳಲ್ಲಿ ಕರೆದುಕೊಂಡರು. ದೇವರು ಉಂಡ ಮನೆಯ ಮಗನಾಗುವುದೇ ಅವರಿಗೆ ಹಿರಿದಾದ ಕುಲವೆನಿಸಿತು.

ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಒಮ್ಮೆ ಈ ಕಥೆಯನ್ನು ತರಗತಿಯಲ್ಲಿ ಹೇಳಿದೆನು. ಕೊನೆಯ ಸಾಲಿನಿಂದ ಒಬ್ಬ ಹುಡುಗನು ಎದ್ದುನಿಂತು, “ಸಾರ್, ನೀವು ನಮ್ಮ ಮನೆಗೆ ಊಟಕ್ಕೆ ಬರುತ್ತೀರಾ?” ಎಂದು ಕೇಳಿದನು. ಅವನ ಮನೆ ಊರಾಚೆಯ ಕೇರಿಯಲ್ಲಿತ್ತು. ಬರುತ್ತೇನೆಂದು ತಕ್ಷಣ ಹೇಳಲು ನನ್ನಿಂದಾಗಲಿಲ್ಲ, ಗಂಟೆ ಬಾರಿಸಿತು. ಹೋದುದು ಮರುವರ್ಷ. ಅವನ ತಾಯಿ ರಾಗಿಯ ಅಂಬಲಿಯನ್ನೇ ಕೊಟ್ಟರು. ದೇವರು ಒಂದು ದಿನವೂ ತಡಮಾಡದೆ ಹೋದ ಮನೆಗೆ, ಆತನ ಕಥೆಯನ್ನು ಹೇಳುವವನು ಹೋಗಲು ಒಂದು ವರ್ಷ ಬೇಕಾಯಿತು.

ದೇವರ ಹಂಬಲವನ್ನು ಕೊಂಡಾಡುವ ನಾವು, ಆತನು ಹಂಬಲಿಸಿದ ಮನೆಗಳಿಗೆ ಎಷ್ಟು ದೂರದಲ್ಲಿದ್ದೇವೆಂಬುದನ್ನು ಒಮ್ಮೆ ಅಳೆದು ನೋಡಿಕೊಳ್ಳಬೇಕು.