ಗಂಗಾಮೂಲದಿಂದ ಕೇಡಗಾಂವ್‌ಗೆ: ಹಸಿವು ಕಂಡಿದ್ದ ರಮಾಬಾಯಿ

ಬೆಂಗಳೂರಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಪುಣೆಗೆ ಬರೋರಿಗೆ ದೌಂಡ್ ದಾಟಿದ ಮೇಲೆ ಕೇಡಗಾಂವ್ ಅನ್ನೋ ಸಣ್ಣ ಸ್ಟೇಷನ್ ಸಿಗುತ್ತೆ. ಬ್ಯಾಗ್ ಕೆಳಗಿಳಿಸೋ ಗಡಿಬಿಡಿಯಲ್ಲಿ ನಾನೂ ಎಷ್ಟೋ ಸಲ ಅದನ್ನ ನೋಡದೇ ದಾಟಿದ್ದೀನಿ. ಆ ಊರಿನ ಒಂದು ದೊಡ್ಡ ಕಥೆ ಶುರುವಾಗೋದು ನಮ್ಮ ಮಲೆನಾಡಲ್ಲಿ.

ತುಂಗಾ, ಭದ್ರಾ ಹುಟ್ಟೋ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಪಂಡಿತಾ ರಮಾಬಾಯಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಹೆಂಡತಿಗೆ ಸಂಸ್ಕೃತ ಕಲಿಸಿ ವಿರೋಧ ಕಟ್ಟಿಕೊಂಡವರು. ಮಗುವಿಗೆ ಇನ್ನೂ ಆರು ತಿಂಗಳಿರುವಾಗ ಕುಟುಂಬ ಅಲ್ಲಿಂದ ಹೊರಟು, ಪುರಾಣ ಹೇಳುತ್ತಾ ಊರೂರು ಅಲೆಯಿತು. 1870ರ ದಶಕದ ಬರದಲ್ಲಿ ಅನ್ನವಿಲ್ಲದೆ ಮೊದಲು ತಂದೆ, ಆಮೇಲೆ ತಾಯಿ ತೀರಿಕೊಂಡರು. ರಮಾಬಾಯಿಗೆ ಆಗ ಹದಿನಾರರ ಆಸುಪಾಸು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1878ರಲ್ಲಿ ಕಲ್ಕತ್ತಾದ ವಿದ್ವಾಂಸರು ಅವರಿಗೆ ‘ಪಂಡಿತಾ’, ‘ಸರಸ್ವತಿ’ ಬಿರುದು ಕೊಟ್ಟರು. 1882ರಲ್ಲಿ ಗಂಡ ತೀರಿಹೋದರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಶುರು ಮಾಡಿ, ಮರುವರ್ಷ ಪುಣೆಗೆ ತಂದರು. ಅಲ್ಲಿ ಮತಾಂತರ ಮಾಡಲ್ಲ ಅನ್ನೋ ಮಾತಿತ್ತು. ಆದರೆ ಕೆಲವು ಹುಡುಗಿಯರು ರಮಾಬಾಯಿಯ ಪ್ರಾರ್ಥನೆಗೆ ಬಂದು ಕೂರತೊಡಗಿದಾಗ, 1893ರಲ್ಲಿ ದೊಡ್ಡ ಗಲಾಟೆಯಾಯಿತು. ತಿಲಕರ ‘ಕೇಸರಿ’ ಕಟುವಾಗಿ ಬರೆಯಿತು. ಎಷ್ಟೋ ಮನೆಯವರು ಮಕ್ಕಳನ್ನ ಕರೆದುಕೊಂಡು ಹೋದರು. ಆ ಆತಂಕ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಆದರೆ ಆ ಹುಡುಗಿಯರಿಗೆ ಮನೆಯಲ್ಲಿ ಏನು ಕಾದಿತ್ತು ಅನ್ನೋದನ್ನೂ ಕೇಳಬೇಕಲ್ವಾ?

1896–97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿತ್ತು. ಹದಿನಾರರಲ್ಲಿ ಕಂಡ ಹಸಿವು ರಮಾಬಾಯಿಗೆ ಮರೆತಿರಲಿಲ್ಲ. ತಾವೇ ಹೋಗಿ ಸುಮಾರು 300 ಹುಡುಗಿಯರನ್ನ ಕರೆತಂದರು. ಸದನದ ಖರ್ಚಿಗೆ ಅಂತ ಕೇಡಗಾಂವ್‌ನಲ್ಲಿ ತೋಟದ ಜಮೀನು ಕೊಂಡಿದ್ದರು. ಅದೇ ಈಗ ‘ಮುಕ್ತಿ’ ಆಯಿತು. 1900ರ ಗುಜರಾತ್ ಬರದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂತು.

ಅಷ್ಟು ಜನಕ್ಕೆ ಬರೀ ಊಟ ಹಾಕಿದರೆ ಸಾಲದು ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ಮುಕ್ತಿಯಲ್ಲಿ ಚರ್ಚಿನ ಜೊತೆಗೆ ಶಾಲೆ, ಹೊಲ, ಹಸು, ಮಗ್ಗ, ಎಣ್ಣೆ ಗಾಣ, ಮುದ್ರಣಾಲಯ ಎಲ್ಲವೂ ಬಂದವು. ಕಣ್ಣು ಕಾಣದವರಿಗೆ ಬ್ರೈಲ್ ಕಲಿಸಿದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಮರಾಠಿಗೆ ತಂದ ಬೈಬಲ್ಲಿಗೆ ಅಲ್ಲಿನ ಹೆಂಗಸರೇ ಅಚ್ಚಿನ ಮೊಳೆ ಜೋಡಿಸಿದರು.

ಸರ್ಕಾರಕ್ಕೂ ಅವರು ಹೆದರಲಿಲ್ಲ. 1897ರ ಪ್ಲೇಗ್ ಕಾಲದಲ್ಲಿ ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳನ್ನ ನಡೆಸಿಕೊಂಡ ರೀತಿ ಬಗ್ಗೆ ಪತ್ರಿಕೆಗೆ ಬರೆದರು. ವಿಷಯ ಲಂಡನ್ನಿನ ಪಾರ್ಲಿಮೆಂಟ್‌ವರೆಗೂ ಹೋಯಿತು.

ಮಗಳು ಮನೋರಮಾ 1921ರಲ್ಲಿ, ರಮಾಬಾಯಿ 1922ರಲ್ಲಿ ತೀರಿಕೊಂಡರು. ಮುಕ್ತಿ ಮಿಷನ್ ಇವತ್ತಿಗೂ ಕೇಡಗಾಂವ್‌ನಲ್ಲಿದೆ.

ಅವರ ನಂಬಿಕೆ ನಮ್ಮದಾಗಬೇಕಿಲ್ಲ. ಆದರೆ ನಾವೂ ವರ್ಷಕ್ಕೊಮ್ಮೆ ಆಫೀಸಿನಿಂದ ಆಶ್ರಮಕ್ಕೆ ಹೋಗಿ, ಊಟ ಬಡಿಸಿ, ಫೋಟೋ ತೆಗೆಸಿಕೊಂಡು ಬರ್ತೀವಲ್ಲ, ಮಾರನೇ ದಿನ ಆ ಮಕ್ಕಳ ಕೈಗೆ ಯಾವ ಕೆಲಸ ಅಂತ ಕೇಳಿದ್ದೀವಾ? ನಾನಂತೂ ಕೇಳಿರಲಿಲ್ಲ. ರಮಾಬಾಯಿ ಕೇಳಿದ್ದರು.