ನಾಗಪುರದ ದೀಕ್ಷೆ

ಜನರನ್ನು ಬೌದ್ಧಧರ್ಮದತ್ತ ಸೆಳೆಯುವುದು ಯಾವುದು? ಧ್ಯಾನದ ಪ್ರಶಾಂತಿಯೆಂದು ಹಲವರು ಹೇಳುವುದುಂಟು. ಆದರೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನೆರೆದಿದ್ದ ಲಕ್ಷಾಂತರ ದಲಿತರನ್ನು ಸೆಳೆದದ್ದು ಮನುಷ್ಯರಾಗಿ ಬಾಳುವ ಹಂಬಲ.

ಅದರ ಹಿಂದೆ ದೀರ್ಘ ನೋವಿನ ಚರಿತ್ರೆಯಿದೆ. ಮಹಾರಾಷ್ಟ್ರದ ಮಹಾಡ್ ಪಟ್ಟಣದ ಚವದಾರ್ ಕೆರೆಯ ನೀರನ್ನು ಅಸ್ಪೃಶ್ಯರೆನಿಸಿದವರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಬಿ. ಆರ್. ಅಂಬೇಡ್ಕರ್ ಅವರು ತಮ್ಮವರೊಡನೆ ಆ ನೀರನ್ನು ಕುಡಿದರು. ಅದಕ್ಕೆ ದೊರೆತ ಪ್ರತಿಫಲ ಹಲ್ಲೆ. ಬಳಿಕ ಕೆರೆಯ ‘ಶುದ್ಧೀಕರಣ’.

1935ರಲ್ಲಿ ಯೇವಲಾ ಪಟ್ಟಣದಲ್ಲಿ, ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಅವರು ಘೋಷಿಸಿದರು. ಆದರೂ ದೀಕ್ಷೆ ಪಡೆದದ್ದು 21 ವರ್ಷಗಳ ತರುವಾಯ. ಈ ನಡುವೆ ಹಲವು ಧರ್ಮಗಳನ್ನು ತೂಗಿ ನೋಡಿದರು. ಬುದ್ಧನ ಬೋಧನೆಯಲ್ಲಿ ಪ್ರಜ್ಞೆ, ಕರುಣೆ, ಸಮತೆ ಮೂರೂ ಒಂದಾಗಿರುವುದನ್ನು ಕಂಡರು. ನಾಗಪುರದಲ್ಲಿ ಅವರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮಾನವರೆಲ್ಲರೂ ಸಮಾನರೆಂಬುದೂ ಒಂದು. ಅದೇ ವರ್ಷದ ಡಿಸೆಂಬರ್ 6ರಂದು ಅವರು ನಿಧನರಾದರು.

ಕ್ರೈಸ್ತಧರ್ಮವನ್ನೂ ಅವರು ಪರಿಶೀಲಿಸಿದ್ದರು. ಭಾರತದ ಕ್ರೈಸ್ತರ ನಡುವೆ ಜಾತಿಭೇದ ಅಳಿದಿಲ್ಲವೆಂದು ಬರೆದಿಟ್ಟರು. ಪ್ರಿಯ ವಾಚಕರೇ, ಆ ಮಾತು ನಮ್ಮ ಆತ್ಮಶೋಧನೆಗೆ ಇಂದಿಗೂ ಸಲ್ಲುತ್ತದೆ. ನಮ್ಮ ಪಂಕ್ತಿಯಲ್ಲಿ, ನಮ್ಮ ಮನೆಯ ಮದುವೆ ಮಾತುಕತೆಯಲ್ಲಿ, ನಮ್ಮ ಸ್ಮಶಾನದಲ್ಲಿ ಸಮತೆ ಇದೆಯೇ?